ಸಾಯೋವರೆಗೂ ಜೈಲು, ಬಿಡುಗಡೆ ಕೇಳೋ ಹಾಗೇ ಇಲ್ಲ ಅನ್ನೋ ಶಿಕ್ಷೆ ನಮ್ಮ ಸಂವಿಧಾನಕ್ಕೆ ಒಪ್ಪುತ್ತಾ?

ಬೆಳಕಿಂಡಿ:

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ತಲೇಲಿ ಕೊರೀತಿರೋ ವಿಷ್ಯ, ಕಾನೂನು ತಿಳಿದೋರು ಯಾರಾದ್ರೂ ಬಿಡಿಸಿ ಹೇಳಿದ್ರೆ ಉಪಕಾರ ಆಗುತ್ತೆ. ಈಚೀಚೆಗೆ ಸುಪ್ರೀಂ ಕೋರ್ಟಿನ ಕೆಲವು ತೀರ್ಪು ಓದ್ತಾ ಇದ್ದೆ, ಅಲ್ಲಿ ಗಲ್ಲುಶಿಕ್ಷೆ ತೆಗೆದು ಅದರ ಬದಲು ಸಹಜ ಆಯುಸ್ಸು ಮುಗಿಯೋವರೆಗೂ ಜೈಲು, ರೆಮಿಷನ್ (ಶಿಕ್ಷೆ ಕಡಿತ) ಇಲ್ಲ ಅಂತ ಹಾಕಿರ್ತಾರೆ. ಮೊದ್ಲು ಓದಿದಾಗ ಸದ್ಯ ನೇಣು ತಪ್ಪಿತಲ್ಲ ಅಂತ ಸಮಾಧಾನ ಆಯ್ತು, ಆಮೇಲೆ ರಾತ್ರಿ ಮಲ್ಕೊಂಡಾಗ ಲೆಕ್ಕ ಹಾಕ್ದೆ, 26 ವರ್ಷದ ಹುಡುಗನಿಗೆ ಇಂಥ ಶಿಕ್ಷೆ ಆಗಿ ಅವನು 75ರ ತನಕ ಬದುಕಿದ್ರೆ 49 ವರ್ಷ ಅದೇ ಗೋಡೆ, ಒಳಗಡೆ ಕೂತು ಓದಿ ಡಿಗ್ರಿ ತಗೊಂಡ್ರೂ ಅಷ್ಟೇ, ದಿನಾ ಹೊಡೆದಾಡ್ಕೊಂಡಿದ್ರೂ ಅಷ್ಟೇ, ಯಾರೂ ತಿರುಗಿ ನೋಡಲ್ಲ.

ಸಂವಿಧಾನದ 21ನೇ ವಿಧಿ ಪ್ರಕಾರ ಕಾನೂನಿನ ಮೂಲಕ ಒಬ್ಬನ ಸ್ವಾತಂತ್ರ್ಯ ಕಿತ್ಕೋಬಹುದು, ಅದು ಗೊತ್ತು. ಆದ್ರೆ 1978ರ ಮೇನಕಾ ಗಾಂಧಿ ಕೇಸಾದ್ಮೇಲೆ ಆ ಕಾನೂನು ನ್ಯಾಯವಾಗಿ, ಮನಸೋ ಇಚ್ಛೆ ಇಲ್ಲದ ಹಾಗೆ ಇರ್ಬೇಕು ಅಂತ ಆಯ್ತಲ್ವಾ, ಹಂಗಿದ್ಮೇಲೆ ಪೆರೋಲ್ ಇಲ್ಲದ ಜೀವಾವಧಿ ಹೇಗೆ ನಿಲ್ಲುತ್ತೆ? ಇನ್ನೊಂದು, ಜೀವಾವಧಿ ಅಂದ್ರೆ 14 ವರ್ಷ ಅಂತ ಎಲ್ರೂ ಹೇಳ್ತಾರಲ್ಲ, ಅದು ಎಲ್ಲಿಂದ ಬಂತು? ಕೊಂದೋರ ಪರ ವಕಾಲತ್ತು ಮಾಡ್ತಿದೀನಿ ಅಂತ ದಯವಿಟ್ಟು ತಿಳ್ಕೋಬೇಡಿ, ನಿಜವಾಗ್ಲೂ ಅರ್ಥ ಮಾಡ್ಕೋಬೇಕು ಅಂತ ಕೇಳ್ತಿದೀನಿ.

ಕರಿಕೋಟು:

ಕ್ರಿಮಿನಲ್ ಅಪೀಲುಗಳನ್ನ ನಡೆಸೋ ವಕೀಲ ನಾನು, ಸ್ವಲ್ಪ ಉದ್ದ ಆಗುತ್ತೆ ಕ್ಷಮಿಸಿ. ಮೊದ್ಲು ಪದಗಳನ್ನ ಸರಿ ಮಾಡ್ಕೊಳೋಣ, ಇಲ್ಲಾಂದ್ರೆ ಚರ್ಚೆ ಎಲ್ಲೋ ಹೋಗುತ್ತೆ. ಅಮೆರಿಕದಲ್ಲಿ ಪೆರೋಲ್ ಅಂದ್ರೆ ಉಳಿದ ಶಿಕ್ಷೆಯನ್ನ ಹೊರಗಡೆ ನಿಗಾದಲ್ಲಿ ಕಳೆಯೋದು, ಒಂಥರಾ ಬಿಡುಗಡೆನೇ. ನಮ್ಮಲ್ಲಿ ಪೆರೋಲ್ ಅಂದ್ರೆ ಮನೇಲಿ ಸಾವೋ ಮದುವೆಯೋ ಆದಾಗ ಕೆಲವು ದಿನ ಹೊರಗೆ ಬಿಟ್ಟು ಮತ್ತೆ ಒಳಗೆ ಕರ್ಕೊಳೋದು. ನಮ್ಮಲ್ಲಿ ಬಾಗಿಲು ತೆಗೆಯೋದು ರೆಮಿಷನ್ನು, ಅಂದ್ರೆ ಶಿಕ್ಷೆ ಕಡಿತ, ಪೇಪರಲ್ಲಿ ಸನ್ನಡತೆ ಆಧಾರದ ಮೇಲೆ ಬಿಡುಗಡೆ ಅಂತ ಬರುತ್ತಲ್ಲ ಅದು. ಹಾಗಾಗಿ ನೀವು ಕೇಳ್ಬೇಕಾಗಿರೋದು ರೆಮಿಷನ್ ಇಲ್ಲದ ಜೀವಾವಧಿ ಬಗ್ಗೆ.

14 ವರ್ಷದ ಕಥೆ. 1961ರಲ್ಲೇ ಗೋಪಾಲ ಗೋಡ್ಸೆ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳ್ಬಿಡ್ತು, ಜೀವಾವಧಿ ಅಂದ್ರೆ ಪೂರ್ತಿ ಆಯುಸ್ಸು, ಸರ್ಕಾರ ಕಡಿತ ಮಾಡಿದ್ರೆ ಮಾತ್ರ ಹೊರಗೆ ಅಂತ. 14 ಬಂದಿದ್ದು 1978ರಲ್ಲಿ, ಸಿಆರ್‌ಪಿಸಿಗೆ, ಅಂದ್ರೆ ಹಳೇ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಗೆ, 433ಎ ಸೆಕ್ಷನ್ ಸೇರಿಸಿದಾಗ. ಗಲ್ಲುಶಿಕ್ಷೆ ಆಗಬಹುದಾಗಿದ್ದ ಅಪರಾಧದಲ್ಲಿ ಜೀವಾವಧಿ ಆದೋನನ್ನ 14 ವರ್ಷ ನಿಜವಾಗಿ ಒಳಗೆ ಕಳೆಯೋ ತನಕ ಬಿಡೋ ಹಾಗಿಲ್ಲ ಅಂತ ಅದು ಹಾಕಿದ ಬೇಲಿ. ಕನಿಷ್ಠ ಅಂತ ಹಾಕಿದ್ದನ್ನ ಜನ ಗರಿಷ್ಠ ಅಂತ ತಿಳ್ಕೊಂಡ್ರು, 14 ಮುಗೀತು ಅಂದ್ರೆ ತಾನಾಗೇ ಗೇಟು ತೆಗೆಯುತ್ತೆ ಅನ್ನೋದು ಶುದ್ಧ ತಪ್ಪು. ಈಗ ಅದೇ, ಸಿಆರ್‌ಪಿಸಿ ಬದಲು ಬಂದ ಬಿಎನ್‌ಎಸ್‌ಎಸ್ ಕಾಯ್ದೆಯ 475ನೇ ಸೆಕ್ಷನ್, 2024ರ ಜುಲೈ 1ರಿಂದ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಈ ಶಿಕ್ಷೆ ಹುಟ್ಟಿದ್ದು ಕರ್ನಾಟಕದ ಕೇಸಿನಿಂದಲೇ, ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ, 2008. ಬೆಂಗಳೂರಲ್ಲಿ 1991ರಲ್ಲಿ ಹೆಂಡತಿಯನ್ನ ಮನೆ ಹಿತ್ತಲಲ್ಲೇ ಹೂತುಹಾಕಿದ ಕೇಸು. ಸುಪ್ರೀಂ ಕೋರ್ಟಲ್ಲಿ ಮೊದ್ಲು ಇಬ್ಬರು ಜಡ್ಜ್ ಕೂತಿದ್ರು, ಅಪರಾಧ ಸಾಬೀತು ಅನ್ನೋದ್ರಲ್ಲಿ ಇಬ್ಬರದ್ದೂ ಒಂದೇ ಮಾತು, ಶಿಕ್ಷೆ ವಿಷ್ಯಕ್ಕೆ ಬಂದಾಗ ಒಬ್ಬರು ಜೀವಾವಧಿ ಅಂದ್ರು ಇನ್ನೊಬ್ಬರು ನೇಣು ಅಂದ್ರು. ಮೂವರ ಪೀಠಕ್ಕೆ ಹೋಯ್ತು. ಅವರಿಗೆ ಅನ್ನಿಸಿದ್ದು, 14 ವರ್ಷಕ್ಕೆ ಬಿಟ್ಟುಬಿಡೋದು ಈ ಅಪರಾಧಕ್ಕೆ ತೀರಾ ಕಮ್ಮಿ, ನೇಣು ತೀರಾ ಜಾಸ್ತಿ, ಮಧ್ಯದಲ್ಲಿ ದೊಡ್ಡ ಕಂದಕ ಇದೆ, ಅದನ್ನ ತುಂಬದೆ ಇದ್ರೆ ಬೇರೆ ದಾರಿ ಕಾಣದ ಜಡ್ಜ್ ನೇಣಿನ ಕಡೆ ವಾಲ್ತಾರೆ ಅಂತ. ಹಾಗಾಗಿ ಸಾಯೋವರೆಗೂ ಜೈಲು ಅಂತ ಆಯ್ತು. ಆಮೇಲೆ 2015ರ ಡಿಸೆಂಬರ್ 2ಕ್ಕೆ ಶ್ರೀಹರನ್ ಕೇಸಲ್ಲಿ ಐವರ ಸಂವಿಧಾನ ಪೀಠ 3-2ರಲ್ಲಿ ಇದನ್ನ ಎತ್ತಿಹಿಡೀತು. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ಮಾತ್ರ ಇಂಥ ಶಿಕ್ಷೆ ಕೊಡಬಹುದು, ಸೆಷನ್ಸ್ ಕೋರ್ಟಿಗೆ ಆ ಅಧಿಕಾರ ಇಲ್ಲ. ಜಸ್ಟಿಸ್ ಲಲಿತ್ ಮತ್ತು ಸಪ್ರೆ ಒಪ್ಪಲಿಲ್ಲ, ಶಾಸಕಾಂಗ ಸರ್ಕಾರಕ್ಕೆ ಕೊಟ್ಟಿರೋ ಕಡಿತದ ಅಧಿಕಾರವನ್ನ ಕೋರ್ಟ್ ಮುಂಚಿತವಾಗೇ ಬೀಗ ಹಾಕೋಕಾಗಲ್ಲ ಅನ್ನೋದು ಅವರ ನಿಲುವು. ನಂಗೆ ವೈಯಕ್ತಿಕವಾಗಿ ಆ ಇಬ್ಬರ ಮಾತೇ ಸರಿ ಅನ್ಸುತ್ತೆ.

ಆದ್ರೆ ಇವತ್ತಿನ ಕಾನೂನು ಕೇಳಿದ್ರೆ ಉತ್ತರ ಸ್ಪಷ್ಟ, ಸಂವಿಧಾನ ವಿರೋಧಿ ಅಲ್ಲ. ಯಾಕಂದ್ರೆ 72ನೇ ವಿಧಿಯ ರಾಷ್ಟ್ರಪತಿ ಕ್ಷಮಾದಾನ, 161ನೇ ವಿಧಿಯ ರಾಜ್ಯಪಾಲರ ಕ್ಷಮಾದಾನ ಇವೆರಡನ್ನೂ ಯಾವ ಕೋರ್ಟೂ ಮುಟ್ಟೋಕಾಗಲ್ಲ, ಅಲ್ಲಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ ಅಂತ ತರ್ಕ. 2023ರಲ್ಲಿ ಶಿವಕುಮಾರ್ ವಿರುದ್ಧ ಕರ್ನಾಟಕ ಕೇಸಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು, ನೇಣಿನ ಪ್ರಶ್ನೆನೇ ಏಳದ ಕೇಸಲ್ಲೂ ಇಂತಿಷ್ಟು ವರ್ಷ ಬಿಡಬೇಡಿ ಅಂತ ಹೇಳಬಹುದು ಅಂತ. ಅಲ್ಲಿ 30 ವರ್ಷ ಹಾಕಿದ್ರು.

ಮಲೆಗಾಳಿ:

ಕರಿಕೋಟು ಅವರೆ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಥ್ಯಾಂಕ್ಸ್. ನಾನು ಇನ್ನೊಂದು ಕಡೆಯಿಂದ ಬಂದೋಳು. ನಮ್ಮ ಚಿಕ್ಕಪ್ಪನ್ನ ಜಮೀನಿನ ಜಗಳದಲ್ಲಿ ಕೊಂದ್ರು, ನಾನಾಗ ಹೈಸ್ಕೂಲು. ಜೀವಾವಧಿ ಆಯ್ತು. ಶಿಕ್ಷೆ ಆಯ್ತಲ್ಲ ಮುಗೀತು ಅಂತ ಎಲ್ರೂ ಅಂದ್ಕೊಂಡ್ರು, ನಮ್ಮ ಚಿಕ್ಕಮ್ಮನಿಗೆ ಮಾತ್ರ ಮುಗಿಲೇ ಇಲ್ಲ. ಅವನು ಪೆರೋಲ್ ಮೇಲೆ ಬಂದಿದಾನೆ ಅಂತ ಯಾರೋ ಬಸ್ಸಲ್ಲಿ ಹೇಳಿ ಗೊತ್ತಾಗ್ತಿತ್ತು, ಅಧಿಕೃತವಾಗಿ ನಮಗೆ ಒಂದು ಚೀಟಿ ಕೂಡ ಬರ್ತಿರಲಿಲ್ಲ. ಅವನು ಬಂದಿದಾನೆ ಅಂತ ಗೊತ್ತಾದ ದಿನ ಚಿಕ್ಕಮ್ಮ ಸಂಜೆ ಆರಕ್ಕೇ ಚಿಲಕ ಹಾಕಿ, ಬಾಗಿಲಿಗೆ ಅಡ್ಡ ಒರಳುಕಲ್ಲು ದೂಡಿ ಮಲಗ್ತಿದ್ಲು. ಆ ಕಲ್ಲು ಎಳೆದು ಎಳೆದು ನೆಲದ ಮೇಲೆ ಬಿದ್ದಿರೋ ಗೀರು ಇವತ್ತಿಗೂ ಹಂಗೇ ಇದೆ.

ಆದ್ರಿಂದ ಹಕ್ಕು ಹಕ್ಕು ಅಂದಾಗ ನಂಗೆ ಎದೆ ಬಿಗಿಯುತ್ತೆ. 21ನೇ ವಿಧಿ ನಮ್ಮ ಚಿಕ್ಕಮ್ಮನಿಗೂ ಇದೆ ತಾನೆ? 2002ರ ಗುಜರಾತ್ ಗಲಭೇಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದ ಬಿಲ್ಕಿಸ್ ಬಾನು ಕೇಸಲ್ಲಿ ಏನಾಯ್ತು ನೋಡಿ, ಜೀವಾವಧಿ ಆಗಿದ್ದ 11 ಜನರನ್ನ 2022ರ ಆಗಸ್ಟ್ 15ರಂದು ಗುಜರಾತ್ ಸರ್ಕಾರ ಬಿಟ್ಬಿಡ್ತು, ಹೊರಗೆ ಬಂದೋರಿಗೆ ಹಾರ ಹಾಕಿದ್ರು. ಅವ್ರು ಬಿಡುಗಡೆ ಆಗ್ತಾರೆ ಅಂತ ಆ ಹೆಣ್ಣುಮಗಳಿಗೆ ಮುಂಚೆ ಹೇಳಿರಲೂ ಇಲ್ಲ. 2024ರ ಜನವರಿ 8ಕ್ಕೆ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿ ವಾಪಸ್ ಒಳಗೆ ಕಳಿಸ್ತು, ವಿಚಾರಣೆ ನಡೆದಿದ್ದು ಮಹಾರಾಷ್ಟ್ರದಲ್ಲಿ, ಗುಜರಾತಿಗೆ ಆ ಅಧಿಕಾರನೇ ಇರ್ಲಿಲ್ಲ ಅಂತ. ಅಲ್ಲೀತನಕ ಅವಳು ಹೇಗೆ ಬದುಕಿರ್ಬೇಕು. ರೆಮಿಷನ್ ಅನ್ನೋದು ಇಂಥೋರ ಕೈಲಿ ಇರೋ ತನಕ, ಕೋರ್ಟೇ ಬಿಡಬೇಡಿ ಅಂತ ಬರೆದ್ರೆ ನಮ್ಮಂಥೋರಿಗೆ ಅದೊಂದೇ ಧೈರ್ಯ.

ತಿಂಗಳಮಾವು:

ಮಲೆಗಾಳಿ ಅವರ ಮಾತು ಓದಿ ತುಂಬಾ ಹೊತ್ತು ಏನೂ ಟೈಪ್ ಮಾಡೋಕಾಗ್ಲಿಲ್ಲ. ನಿಮ್ಮ ಚಿಕ್ಕಮ್ಮನಿಗೆ ಆ ಸುದ್ದಿ ಬಸ್ಸಲ್ಲಿ ಗೊತ್ತಾಗೋದು ದೊಡ್ಡ ಅನ್ಯಾಯ, ಅದನ್ನ ಪಕ್ಕಕ್ಕಿಟ್ಟು ನಾನು ಮುಂದಕ್ಕೆ ಹೋಗ್ತಿಲ್ಲ, ಕೊನೇಲಿ ಮತ್ತೆ ಬರ್ತೀನಿ.

ನಾನು ಉಚಿತ ಕಾನೂನು ನೆರವಿನ ಸ್ವಯಂಸೇವಕನಾಗಿ ಕೆಲವು ವರ್ಷ ಒಂದು ಜೈಲಿಗೆ ವಾರಕ್ಕೊಂದ್ಸಲ ಹೋಗ್ತಿದ್ದೆ. ಅರ್ಜಿ ಬರೆಯೋದು, ಕಾಪಿ ತೆಗೆಸೋದು, ಮನೆಯವರಿಗೆ ಫೋನ್ ಮಾಡಿ ಹೇಳೋದು, ಇಂಥ ಕೆಲಸ. ಅಲ್ಲಿ ಸಜಾಬಂಧಿಗಳು ತಮ್ಮ ದಿನಗಳನ್ನ ಎಷ್ಟು ಜೋಪಾನವಾಗಿ ಎಣಿಸ್ತಾರೆ ಅಂದ್ರೆ ನಮ್ಮನೇಲಿ ಚಿನ್ನ ಕೂಡ ಹಂಗೆ ಎಣಿಸಲ್ಲ. ಒಬ್ಬರು ಮರಗೆಲಸದ ಸೆಕ್ಷನ್ನಲ್ಲಿದ್ರು, ಒಂದು ಸಣ್ಣ ನೋಟ್‌ಬುಕ್ ಜೇಬಲ್ಲಿ, ಈ ತಿಂಗಳು ಇಷ್ಟು ದಿನ ಕಡಿತ ಸಿಕ್ತು, ಒಟ್ಟು ಇಷ್ಟಾಯ್ತು ಅಂತ ಪೆನ್ಸಿಲ್ಲಲ್ಲಿ. ಪಕ್ಕದಲ್ಲೇ ಕೆಲಸ ಮಾಡ್ತಿದ್ದ ಇನ್ನೊಬ್ಬನಿಗೆ ಆಯುಸ್ಸು ಮುಗಿಯೋವರೆಗೆ ಅಂತ ಆಗಿತ್ತು. ಅದೇ ಕೆಲಸ, ಅದೇ ಉಳಿ, ಅವನೂ ಚೆನ್ನಾಗೇ ಕೆಲಸ ಮಾಡ್ತಿದ್ದ. ಒಂದಿನ ಅವನು ಒಂದು ಪೀಠದ ಕಾಲಿಗೆ ಮರಳುಕಾಗದ ಉಜ್ತಾ ಉಜ್ತಾ ಕೇಳ್ದ, ಸಾರ್ ನಾನು ಇದನ್ನ ನೀಟಾಗಿ ಮಾಡಿದ್ರೂ ಹಾಳು ಮಾಡಿದ್ರೂ ಬರೆಯೋರು ಒಂದೇ ಥರ ಬರೀತಾರಲ್ವಾ ಅಂತ. ನಾನೇನೂ ಹೇಳಕ್ಕಾಗ್ದೆ ಸುಮ್ನೆ ನಿಂತಿದ್ದೆ. ಅವನು ಮಾಡಿದ ತಪ್ಪು ಸಣ್ಣದಲ್ಲ, ಫೈಲು ಓದಿದೀನಿ, ಓದಿದ ರಾತ್ರಿ ಊಟ ಸೇರ್ಲಿಲ್ಲ. ಆದ್ರೂ ಆ ಪ್ರಶ್ನೆ ಇವತ್ತಿಗೂ ಕಿವೀಲಿದೆ.

ನನ್ನ ಪ್ರಕಾರ ಹಕ್ಕಿನ ಪ್ರಶ್ನೆ ಇರೋದು ಇಲ್ಲೇ. ಬಿಡುಗಡೆ ಆಗೋದು ಯಾರ ಹಕ್ಕೂ ಅಲ್ಲ, ಅಪಾಯಕಾರಿ ಆಗಿರೋನು ಸಾಯೋ ತನಕ ಒಳಗೇ ಇರ್ಲಿ, ನಂಗೆ ತಕರಾರಿಲ್ಲ. ಆದ್ರೆ ಇಪ್ಪತ್ತೈದು ಮೂವತ್ತು ವರ್ಷ ಆದ್ಮೇಲೆ ಈ ಮನುಷ್ಯ ಈಗ ಯಾರು ಅಂತ ಒಂದ್ಸಲ ಗಂಭೀರವಾಗಿ ತಿರುಗಿ ನೋಡಿ ಅಂತ ಕೇಳೋದು ಹಕ್ಕು ಆಗ್ಬೇಕು. ತೀರ್ಪು ಕೊಟ್ಟ ದಿನ ಜಡ್ಜಿಗೆ ಗೊತ್ತಿರೋದು ಆ ದಿನದ ಮನುಷ್ಯ, ಮೂವತ್ತು ವರ್ಷದ ಆಮೇಲಿನವನ ಬಗ್ಗೆ ಅವತ್ತೇ ತೀರ್ಮಾನ ಬರೆದಿಡೋದು ಯಾರಿಂದ ಸಾಧ್ಯ?

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2013ರ ಜುಲೈ 9ರಂದು ವಿಂಟರ್ ಕೇಸಲ್ಲಿ 16-1ರಲ್ಲಿ ಇದನ್ನೇ ಹೇಳ್ತು. ಬ್ರಿಟನ್ನಿನ ಮೂವರು ಕೊಲೆಗಾರರ ಕೇಸದು. ಮರುಪರಿಶೀಲನೆಯ ದಾರಿನೇ ಇಲ್ಲದ ಜೀವಾವಧಿ ಅಂದ್ರೆ ಅಮಾನವೀಯ ಶಿಕ್ಷೆ, ಯಾವಾಗ ನೋಡ್ಬೇಕು ಅನ್ನೋದು ಆಯಾ ದೇಶಕ್ಕೆ ಬಿಟ್ಟಿದ್ದಾದ್ರೂ 25 ವರ್ಷದ ಒಳಗೆ ಒಂದ್ಸಲ ನೋಡೋದಕ್ಕೇ ಅಂತರರಾಷ್ಟ್ರೀಯ ಕಾನೂನಲ್ಲಿ ಒಲವಿದೆ, ಮತ್ತೆ ಬಿಡುಗಡೆಗೆ ಪರಿಗಣಿಸ್ಬೇಕು ಅಂದ್ರೆ ತಾನೇನು ಮಾಡ್ಬೇಕು ಅಂತ ಕೈದಿಗೆ ಶಿಕ್ಷೆಯ ಮೊದಲ ದಿನವೇ ಗೊತ್ತಿರ್ಬೇಕು ಅಂತ. ಆ ಮೂವರನ್ನ ಬಿಡಿ ಅಂತ ಮಾತ್ರ ಕೋರ್ಟ್ ಹೇಳ್ಲಿಲ್ಲ, ಅದನ್ನ ಗಮನಿಸಿ. ಆ ಪೀಠದ ಒಬ್ಬ ನ್ಯಾಯಮೂರ್ತಿ, ಪವರ್-ಫೋರ್ಡ್ ಅಂತ, ಭರವಸೆ ಇಟ್ಕೊಳೋದೂ ಒಂದು ಹಕ್ಕು ಅಂತ ಬೇರೆಯಾಗಿ ಬರೆದ್ರು. ಕೆನಡಾದ್ದು ಇನ್ನೂ ಗಟ್ಟಿ ಉದಾಹರಣೆ. 2017ರಲ್ಲಿ ಕ್ವಿಬೆಕ್ ನಗರದ ಮಸೀದಿಗೆ ನುಗ್ಗಿ ಆರು ಜನರನ್ನ ಕೊಂದೋನ ಕೇಸಲ್ಲಿ, ಬಿಡುಗಡೆಗೆ ಅರ್ಜಿ ಹಾಕೋ ಹಾಗಿಲ್ಲದ ಅವಧಿಯನ್ನ ಒಂದೊಂದು ಕೊಲೆಗೂ 25 ವರ್ಷದಂತೆ ಕೂಡಿಸ್ತಾ ಹೋಗೋದು ಸಂವಿಧಾನ ವಿರೋಧಿ ಅಂತ 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ಜಡ್ಜುಗಳು ಒಮ್ಮತದಿಂದ ಹೇಳಿದ್ರು. ಅಷ್ಟು ಘೋರ ಅಪರಾಧ ಮಾಡಿದವನಿಗೇ 25 ವರ್ಷ ಆದ್ಮೇಲೆ ಅರ್ಜಿ ಹಾಕೋ ಅವಕಾಶ. ಅರ್ಜಿ ಅಷ್ಟೇ, ಬಿಡುಗಡೆ ಅಲ್ಲ.

ಬೆಳಕಿಂಡಿ:

ಎಲ್ರಿಗೂ ಕೈ ಮುಗೀತೀನಿ, ಇಷ್ಟು ಕಲೀತೀನಿ ಅಂತ ಅಂದ್ಕೊಂಡಿರ್ಲಿಲ್ಲ. ಮಲೆಗಾಳಿ ಅವರೆ, ನಿಮ್ಮ ಚಿಕ್ಕಮ್ಮನ ವಿಷ್ಯ ನಾನು ಪ್ರಶ್ನೆ ಹಾಕೋವಾಗ ಯೋಚಿಸಿರ್ಲೇ ಇಲ್ಲ, ಅದು ನನ್ನ ತಪ್ಪು.

ಕರಿಕೋಟು ಸಾರ್, ಒಂದು ಸಂದೇಹ. 72, 161 ಇದೆ ಹಾಗಾಗಿ ಬಾಗಿಲು ತೆರೆದಿದೆ ಅಂತ ಕೋರ್ಟ್ ಹೇಳುತ್ತೆ ಅಂದ್ರಿ. ಕ್ಷಮಾದಾನ ಅನ್ನೋದು ದಯೆ ಅಲ್ವಾ? ದಯೆ ಬೇಡೋ ಅವಕಾಶ ಇದೆ ಅನ್ನೋದನ್ನೇ ಹಕ್ಕು ಅಂತ ಲೆಕ್ಕ ಹಿಡಿಯೋಕಾಗುತ್ತಾ? ಮತ್ತೆ 18 ತುಂಬದೋರಿಗೂ ಈ ಶಿಕ್ಷೆ ಕೊಡಬಹುದಾ?

ಕರಿಕೋಟು:

ಎರಡನೇದಕ್ಕೆ ಮೊದ್ಲು ಉತ್ತರ, ಅದು ಸುಲಭ. ಕೊಡೋ ಹಾಗಿಲ್ಲ. 2015ರ ಬಾಲನ್ಯಾಯ ಕಾಯ್ದೆ 21ನೇ ಸೆಕ್ಷನ್ ನೋಡಿ, 16ರಿಂದ 18ರ ನಡುವಿನೋರನ್ನ ಘೋರ ಅಪರಾಧಕ್ಕೆ ದೊಡ್ಡೋರ ಥರ ವಿಚಾರಣೆ ಮಾಡಿದ್ರೂ ಗಲ್ಲೂ ಇಲ್ಲ, ಬಿಡುಗಡೆಯ ಸಾಧ್ಯತೆ ಇಲ್ಲದ ಜೀವಾವಧಿನೂ ಇಲ್ಲ. ಎರಡನ್ನೂ ಒಂದೇ ಉಸಿರಲ್ಲಿ ಹೇಳಿದಾರೆ ಅನ್ನೋದನ್ನ ಗಮನಿಸಿ, ನಮ್ಮ ಸಂಸತ್ತಿಗೇ ಇವೆರಡೂ ಹತ್ತಿರ ಹತ್ತಿರದ ಶಿಕ್ಷೆ ಅಂತ ಅನ್ಸಿದೆ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದದ 37ನೇ ವಿಧಿಯಿಂದ ಬಂದ ಮಾತದು. 17 ವರ್ಷ 11 ತಿಂಗಳಿನವನು ಬದಲಾಗಬಲ್ಲ ಅಂತ ಒಪ್ಪಿದ ಕಾನೂನು 18 ವರ್ಷ 1 ತಿಂಗಳಿನವನು ಸಾಯೋತನಕ ಬದಲಾಗಲ್ಲ ಅಂತ ಹೇಗೆ ಹೇಳುತ್ತೆ, ನಂಗೆ ಗೊತ್ತಾಗಲ್ಲ.

ಮೊದಲನೇ ಸಂದೇಹ ನೀವು ಸರಿಯಾದ ಕಡೆ ಬೆರಳಿಟ್ಟಿದೀರಿ. ಜರ್ಮನಿಯ ಸಂವಿಧಾನ ನ್ಯಾಯಾಲಯ 1977ರಲ್ಲೇ ಇದನ್ನ ಎದುರಿಸ್ತು. ಜೀವಾವಧಿ ಶಿಕ್ಷೆ ಇರ್ಲಿ, ಆದ್ರೆ ಮತ್ತೆ ಹೊರಗೆ ಬರೋ ನಿಜವಾದ ಅವಕಾಶ ಇರ್ಬೇಕು, ಬರೀ ಕ್ಷಮಾದಾನ ಸಾಲದು, ಕಾನೂನಲ್ಲೇ ಅದರ ಷರತ್ತು ಬರೆದಿರ್ಬೇಕು ಅಂತ. ಆಮೇಲೆ ಅಲ್ಲಿ 15 ವರ್ಷ ಆದ್ಮೇಲೆ ಕೋರ್ಟೇ ಪರಿಶೀಲಿಸೋ ಕಾನೂನು ಬಂತು. ನಮ್ಮ ಶ್ರೀಹರನ್ ತೀರ್ಪು ಇದರ ಉಲ್ಟಾ ದಾರಿ ಹಿಡೀತು. ನಮ್ಮಲ್ಲಿ ಕ್ಷಮಾದಾನದ ಅರ್ಜಿಗೆ ಇಂತಿಷ್ಟು ದಿನದಲ್ಲಿ ಉತ್ತರ ಕೊಡಲೇಬೇಕು ಅಂತ ಸಂವಿಧಾನ ಹೇಳಲ್ಲ, ಕಾರಣ ತಿಳಿಸಿ ಅಂತ ಕೇಳೋ ಹಕ್ಕೂ ಕೈದಿಗಿಲ್ಲ. ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಫೈಲು ಇಲಾಖೆಯಿಂದ ಇಲಾಖೆಗೆ ಓಡಾಡ್ತಾ ಕೂದಲು ಬೆಳ್ಳಗಾಗಿರುತ್ತೆ. ರಾಜೀವ್ ಗಾಂಧಿ ಹತ್ಯೆ ಕೇಸಿನ ಅಪರಾಧಿ ಪೇರರಿವಾಳನ್ ವಿಷ್ಯದಲ್ಲಿ 161ರ ಅಡಿ ತಮಿಳುನಾಡು ಸಂಪುಟ ಬಿಡಿ ಅಂತ 2018ರಲ್ಲಿ ಶಿಫಾರಸು ಮಾಡಿದ್ದು, ಕೊನೆಗೆ 142ನೇ ವಿಧಿಯ ತನ್ನ ವಿಶೇಷ ಅಧಿಕಾರ ಬಳಸಿ ಸುಪ್ರೀಂ ಕೋರ್ಟೇ ಬಿಡುಗಡೆ ಮಾಡಿದ್ದು 2022ರ ಮೇ 18ಕ್ಕೆ.

ಇನ್ನೊಂದು ಸಣ್ಣ ಬೆಳಕು ಇದೆ, 2022ರ ಅತ್‌ಬೀರ್ ಕೇಸು. ರಾಷ್ಟ್ರಪತಿ ಗಲ್ಲನ್ನ ಜೀವಾವಧಿಗೆ ಇಳಿಸೋವಾಗ ಪೆರೋಲೂ ಇಲ್ಲ ರೆಮಿಷನ್ನೂ ಇಲ್ಲ ಅಂತ ಬರೆದಿದ್ರು, ಆದ್ರೂ ಒಳ್ಳೆ ನಡತೆ ಇದ್ರೆ ಫರ್ಲೋ, ಅಂದ್ರೆ ವರ್ಷದಲ್ಲಿ ಕೆಲವು ದಿನ ಮನೆಗೆ ಹೋಗಿಬರೋ ರಜೆ, ಅದನ್ನ ಕೊಡಬಹುದು ಅಂತ ಸುಪ್ರೀಂ ಕೋರ್ಟ್ ಹೇಳ್ತು. ಅದನ್ನೂ ಕಿತ್ಕೊಂಡ್ರೆ ಸುಧಾರಣೆ ಅನ್ನೋ ಮಾತಿಗೇ ಅರ್ಥ ಇರಲ್ಲ ಅನ್ನೋ ಧಾಟಿ. ತಿಂಗಳಮಾವು ಅವರು ಹೇಳಿದ ಆ ಮರಗೆಲಸದವನಿಗೆ ಇದು ಉಪಯೋಗಕ್ಕೆ ಬರಬಹುದು.

ನಾನೂಬರೀತೀನಿ:

ಒಂದು ಮಾತು ಸೇರಿಸ್ಲಾ. ನಾನು ಗಲ್ಲುಶಿಕ್ಷೆ ಬೇಡ ಅನ್ನೋನು. ನೀವೆಲ್ಲ ಸೇರಿ ಈ ಶಿಕ್ಷೆನೂ ತೆಗೀರಿ ಅಂದ್ರೆ ಜಡ್ಜುಗಳ ಕೈಲಿ ಉಳಿಯೋದು ಮತ್ತೆ ಅದೇ ಎರಡು, ಹದಿನಾಲ್ಕಕ್ಕೆ ಬಿಡೋದು ಇಲ್ಲ ನೇಣು. ಎಷ್ಟು ಜನ ಇವತ್ತು ಉಸಿರಾಡ್ತಿರೋದೇ ಈ ಮಧ್ಯದ ಶಿಕ್ಷೆಯಿಂದ. ಜೀವ ಇದ್ರೆ ಮುಂದೊಂದಿನ ಕಾನೂನು ಬದಲಾಗಬಹುದು, ಸಾಕ್ಷಿ ಸುಳ್ಳು ಅಂತ ಗೊತ್ತಾಗಬಹುದು, ನೇಣಿಗೆ ಹಾಕಿದ್ಮೇಲೆ ಏನಿದೆ? ಅದಕ್ಕೇ ಹೆದರಿಕೆ ಆಗುತ್ತೆ ನಂಗೆ, ಹಕ್ಕಿನ ಹೆಸರಲ್ಲಿ ಇದನ್ನ ಹೊಡೆದು ಹಾಕಿ ನೇಣನ್ನ ವಾಪಸ್ ತರೋದು ಬೇಡ.

ತಿಂಗಳಮಾವು:

ನಿಮ್ಮ ಹೆದರಿಕೆ ನಂಗೂ ಇದೆ, ಅದಕ್ಕೇ ಹೊಡೆದು ಹಾಕಿ ಅಂತ ನಾನೂ ಅಂತಿಲ್ಲ. 25 ಅಥವಾ 30 ವರ್ಷ ಬಿಡಬೇಡಿ ಅಂತ ಬರೀಲಿ, ಅದರ ಮುಂದೆ "ಆಮೇಲೆ ಪರಿಶೀಲಿಸಿ" ಅನ್ನೋ ಒಂದು ಸಾಲು ಇರ್ಲಿ. ಯುದ್ಧಾಪರಾಧ, ನರಮೇಧ ವಿಚಾರಿಸೋ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನ ರೋಮ್ ಶಾಸನದಲ್ಲೇ ಜೀವಾವಧಿ ಆದೋರಿಗೆ 25 ವರ್ಷಕ್ಕೆ ಪರಿಶೀಲನೆ ಇದೆ, 110ನೇ ವಿಧಿ. ನರಮೇಧ ಮಾಡಿದೋನಿಗೆ ಇರೋದು ನಮ್ಮ ಕೈದಿಗೆ ಯಾಕಿರಬಾರದು? ನಂಗೆ ಇನ್ನೂ ಹೆಚ್ಚು ಕಳವಳ ಇರೋದು ಕಾನೂನಲ್ಲೇ ಕಡ್ಡಾಯ ಮಾಡಿರೋ ಕಡೆ. ಐಪಿಸಿ ಬದಲು ಬಂದ ಹೊಸ ದಂಡಸಂಹಿತೆ ಬಿಎನ್‌ಎಸ್‌ನ 104ನೇ ಸೆಕ್ಷನ್ ನೋಡಿ, ಜೀವಾವಧಿ ಕೈದಿ ಒಳಗೆ ಕೊಲೆ ಮಾಡಿದ್ರೆ ನೇಣು ಇಲ್ಲ ಆಯುಸ್ಸು ಪೂರ್ತಿ ಜೈಲು, ಮೂರನೇದಿಲ್ಲ. ಹಿಂದೆ ಇದೇ ಜಾಗದಲ್ಲಿ ಐಪಿಸಿ 303 ಇತ್ತು, ಕಡ್ಡಾಯ ನೇಣು, ಅದನ್ನ 1983ರಲ್ಲಿ ಮಿಟ್ಟು ಕೇಸಲ್ಲಿ ಸಂವಿಧಾನ ವಿರೋಧಿ ಅಂತ ತೆಗೆದುಹಾಕಿದ್ರು, ಜಡ್ಜ್ ಕಣ್ಣು ಕಟ್ಟಿ ಒಂದೇ ಶಿಕ್ಷೆ ಕೊಡಿಸೋದು ನ್ಯಾಯ ಅಲ್ಲ ಅಂತ.

ಮಲೆಗಾಳಿ ಅವರೆ, ಕೊನೇಲಿ ಬರ್ತೀನಿ ಅಂದಿದ್ದೆ. ನಾನು ಹೇಳೋ ಪರಿಶೀಲನೆ ಮಂತ್ರಿಗಳ ಮೇಜಿನ ಮೇಲೆ ಆಗೋದಲ್ಲ, ತೆರೆದ ಕೋರ್ಟಲ್ಲಿ, ಕಾರಣ ಬರೆದು. ಹಾರ ಹಾಕಿಸ್ಕೊಂಡು ಬರೋ ಬಿಡುಗಡೆಗೂ ಅದಕ್ಕೂ ಸಂಬಂಧ ಇಲ್ಲ.

ಮಲೆಗಾಳಿ:

ಸಂಜೆ ಚಿಕ್ಕಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಓದಿ ಹೇಳ್ದೆ. ಮರಗೆಲಸದವನ ಕಥೆಗೆ ಸುಮ್ನಾದ್ಲು. ಆಮೇಲೆ, ಇಪ್ಪತ್ತೈದು ವರ್ಷಕ್ಕೆ ಒಂದ್ಸಲ ನೋಡ್ತಾರಾದ್ರೆ ನೋಡ್ಲಿ ಬಿಡು, ಆದ್ರೆ ಅವತ್ತು ನನ್ನನ್ನೂ ಕರೀತಾರಾ ಕೇಳು ಅಂದ್ಲು. ಕೇಳ್ತಿದೀನಿ. ಕರೀತಾರಾ?

ಕರಿಕೋಟು:

ಈಗಿನ ಪದ್ಧತೀಲಿ ಕರೀಲೇಬೇಕು ಅಂತ ಇಲ್ಲ, ಸುಳ್ಳು ಹೇಳಲ್ಲ. ಬಿಡುಗಡೆ ಮಾಡೋವಾಗ ಏನೇನು ನೋಡ್ಬೇಕು ಅಂತ ಸುಪ್ರೀಂ ಕೋರ್ಟ್ 2000ದಲ್ಲಿ ಲಕ್ಷ್ಮಣ್ ನಸ್ಕರ್ ಕೇಸಲ್ಲಿ ಐದು ಅಂಶ ಹೇಳಿದೆ, ಅಪರಾಧ ಸಮಾಜದ ಮೇಲೆ ಪರಿಣಾಮ ಬೀರುವಂಥದ್ದಾ, ಮತ್ತೆ ಮಾಡೋ ಸಂಭವ ಇದೆಯಾ, ಅಪರಾಧ ಮಾಡೋ ಶಕ್ತಿ ಉಳಿದಿದೆಯಾ, ಇನ್ನೂ ಒಳಗಿಡೋದ್ರಿಂದ ಪ್ರಯೋಜನ ಇದೆಯಾ, ಅವನ ಕುಟುಂಬದ ಸ್ಥಿತಿ ಹೇಗಿದೆ. ಅವನ ಕುಟುಂಬ. ಸತ್ತೋರ ಕುಟುಂಬ ಆ ಐದರಲ್ಲಿ ಇಲ್ಲ. ಶಿಕ್ಷೆ ಕೊಟ್ಟ ಕೋರ್ಟಿನ ಜಡ್ಜ್ ಅಭಿಪ್ರಾಯ ಕಾರಣ ಸಮೇತ ಇರ್ಬೇಕು ಅಂತ 2022ರ ರಾಮ್ ಚಂದರ್ ಕೇಸಲ್ಲಿ ಹೇಳಿದಾರೆ, ನಿಮ್ಮ ಚಿಕ್ಕಮ್ಮ ತಮ್ಮ ಭಯ ಏನಂತ ಒಂದು ಪತ್ರ ಬರೆದು ಆ ಸೆಷನ್ಸ್ ಕೋರ್ಟಿಗೂ ಜೈಲಿನ ಸೂಪರಿಂಟೆಂಡೆಂಟಿಗೂ ಈಗಲೇ ಕೊಟ್ಟಿಡಲಿ, ಸ್ವೀಕೃತಿ ಮರೀಬೇಡಿ. ಒರಳುಕಲ್ಲಿನ ವಿಷ್ಯನೂ ಬರೀಲಿ. ಡ್ರಾಫ್ಟ್ ಬೇಕಿದ್ರೆ ನಾನು ಮಾಡ್ಕೊಡ್ತೀನಿ, ಮೆಸೇಜ್ ಮಾಡಿ.